18 ಜನ, 9 ದಿನ: ಮೂಡಿಗೆರೆ ಕಡೆಯ ಒಂದು ಮನೆಯ ಮಳೆಗಾಲದ ದಾಸ್ತಾನು

2019ರ ಆಗಸ್ಟ್ 8, ಗುರುವಾರ. ಮಾರನೇ ದಿನ ವರಮಹಾಲಕ್ಷ್ಮಿ ಹಬ್ಬ. ಹೂವು, ಹಣ್ಣು ತರಲು ಬಣಕಲ್‌ಗೆ ಹೊರಟ ನಮ್ಮ ಯಜಮಾನರು ಅರ್ಧ ಗಂಟೆಗೇ ವಾಪಸ್ ಬಂದರು. ಮೈಯೆಲ್ಲ ಕೆಸರು. "ಮೋರಿ ಇಲ್ಲ" ಎಂದರು. ಹಳ್ಳ ಉಕ್ಕಿ ಮೋರಿಯನ್ನೇ ಎತ್ತಿಕೊಂಡು ಹೋಗಿತ್ತು. ಅದರಾಚೆ ಎರಡು ಕಡೆ ಧರೆ ಜರಿದು, ಮರಗಳ ಸಮೇತ ರಸ್ತೆ ಮೇಲೆ ಬಿದ್ದಿತ್ತು. ಕರೆಂಟು ಹಿಂದಿನ ದಿನವೇ ಹೋಗಿತ್ತು. ಫೋನಿಗೆ ಸಿಗ್ನಲ್ ಇರಲಿಲ್ಲ.

ಆ ವರ್ಷ ಮೂಡಿಗೆರೆ ತಾಲ್ಲೂಕಿನಲ್ಲಿ ಏನಾಯಿತು ಅಂತ ನಮ್ಮ ಜಿಲ್ಲೆಯವರಿಗೆ ಹೇಳಬೇಕಾಗಿಲ್ಲ. ಮಲೆಮನೆ ಕಡೆ ಗುಡ್ಡವೇ ಇಳಿದು ಬಂದು ಮನೆ, ತೋಟ ಕಳೆದುಕೊಂಡವರಿದ್ದಾರೆ. ಚಾರ್ಮಾಡಿ ಘಾಟಿ ತಿಂಗಳುಗಟ್ಟಲೆ ಮುಚ್ಚಿತ್ತು. ಅವರ ನಷ್ಟದ ಮುಂದೆ ನಮ್ಮದು ಏನೂ ಅಲ್ಲ. ನಮ್ಮ ಜೀವಕ್ಕಾಗಲಿ ಮನೆಗಾಗಲಿ ತೊಂದರೆ ಆಗಲಿಲ್ಲ. ಆದರೆ ಆ ಗುರುವಾರದಿಂದ ಮುಂದಿನ ಶನಿವಾರ ಸಂಜೆಯವರೆಗೆ, ಒಟ್ಟು 9 ದಿನ, ಹೊರಗಿನಿಂದ ಒಂದು ಬೆಂಕಿಪೊಟ್ಟಣವೂ ಒಳಗೆ ಬರಲಿಲ್ಲ. ಕರೆಂಟು ಬರುವಾಗ 17 ದಿನ ಕಳೆದಿತ್ತು. ಮನೆಯಲ್ಲಿ ಏನಿತ್ತು, ಏನು ಹಾಳಾಗಿತ್ತು, ಯಾವುದು ಮೊದಲು ಮುಗಿಯಿತು ಅಂತ ಆ ದಿನಗಳಲ್ಲೇ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೆ. ಮಳೆಗಾಲಕ್ಕೆ ಸಾಮಾನು ತುಂಬಿಸಿಡುವವರಿಗೆ ಉಪಯೋಗ ಆಗಬಹುದು ಅಂತ ಈಗ ಅದನ್ನು ಪೂರ್ತಿ ಬರೆಯುತ್ತಿದ್ದೇನೆ.

ಮನೆ ಮತ್ತು ಲೆಕ್ಕ

ನಾವು ಮನೆಯಲ್ಲಿ 7 ಜನ. ಅತ್ತೆ, ಮಾವ, ಮಾವನ ಅಕ್ಕ, ನಾವಿಬ್ಬರು, ಇಬ್ಬರು ಮಕ್ಕಳು. ಮಾವನ ಅಕ್ಕನನ್ನು ನಾನು ದೊಡ್ಡತ್ತೆ ಅಂತ ಕರೆಯುತ್ತೇನೆ. ಸಣ್ಣ ಕಾಫಿ ತೋಟ, ಜೊತೆಗೆ ಮೆಣಸು. ಮೊದಲು ಗದ್ದೆ ಇತ್ತು. ಆಗ ಭತ್ತ ಕಣಜದಲ್ಲಿರುತ್ತಿತ್ತು, ಬೇಕಾದಾಗ ಮಿಲ್ಲಿಗೆ ಹಾಕಿಸುತ್ತಿದ್ದರು. ಆಳಿನ ಕೂಲಿ ಗಿಟ್ಟುವುದಿಲ್ಲ ಅಂತ ಗದ್ದೆ ಬಿಟ್ಟಿದ್ದರು. ಈಗ ಅಕ್ಕಿ ಮೂಟೆ ಅಂಗಡಿಯಿಂದ ಬರುತ್ತದೆ. ಇದು ಸಣ್ಣ ಬದಲಾವಣೆ ಅನಿಸಬಹುದು, ಅಲ್ಲ. ಭತ್ತಕ್ಕೆ ಹೊಟ್ಟಿನ ಕವಚ ಇರುತ್ತದೆ, ಹುಳಕ್ಕೆ ಸುಲಭಕ್ಕೆ ಬಗ್ಗುವುದಿಲ್ಲ. ಮಿಲ್ಲಿನಲ್ಲಿ ಪಾಲಿಶ್ ಆಗಿ ಬಂದ ಅಕ್ಕಿ ಬಟ್ಟೆ ಇಲ್ಲದ ಮಗುವಿನ ಹಾಗೆ. ತೇವ ಬಂದರೂ ಹುಳ ಬಂದರೂ ಮೊದಲು ಅದಕ್ಕೇ ತಗಲುತ್ತದೆ.

ಮೇ ತಿಂಗಳಲ್ಲಿ ಅತ್ತೆ ಲೆಕ್ಕ ಹಾಕಿದ್ದರು. ಬೆಳಿಗ್ಗೆ ರೊಟ್ಟಿಯೋ ಕಡುಬೋ, ಎರಡು ಹೊತ್ತು ಊಟ, ದಿನಕ್ಕೆ 2 ಕೆಜಿ ಅಕ್ಕಿ. ಜೂನ್, ಜುಲೈ, ಆಗಸ್ಟ್ ಮತ್ತು ಸ್ವಲ್ಪ ಸೆಪ್ಟೆಂಬರ್ ಸೇರಿ 100 ದಿನ. 25 ಕೆಜಿಯ 8 ಮೂಟೆ ತರಿಸಿದ್ದರು. ಜೊತೆಗೆ ತೊಗರಿಬೇಳೆ, ಹುರುಳಿ, ಅವರೆಕಾಳು, ಕಡಲೆಕಾಯಿ ಬೀಜ, ಬ್ಯಾಡಗಿ ಮೆಣಸಿನಕಾಯಿ, ಹುಣಸೆಹಣ್ಣು, ಕಲ್ಲುಪ್ಪು, ಎಣ್ಣೆ, ಬೆಲ್ಲ, ಡಬ್ಬದ ತುಂಬ ಒಣಮೀನು. ಏಪ್ರಿಲ್‌ನಲ್ಲೇ ಹಲಸಿನ ಹಪ್ಪಳ ಮಾಡಿ ಆಗಿತ್ತು. ಮಾವಿನ ಮಿಡಿ ಉಪ್ಪಿನಲ್ಲಿ ಬಿದ್ದಿತ್ತು. ಮಾವ ಯುಗಾದಿಯ ಒಳಗೆ ಸೌದೆ ಕೊಟ್ಟಿಗೆ ತುಂಬಿಸದೆ ಬಿಡುವವರಲ್ಲ, ಅದೂ ತುಂಬಿತ್ತು. ನೋಡಿದವರು ಯಾರಾದರೂ ಈ ಮನೆಗೆ ಮಳೆಗಾಲದ ಚಿಂತೆಯಿಲ್ಲ ಅನ್ನುತ್ತಿದ್ದರು.

ಆಗಸ್ಟ್ 8ಕ್ಕೆ ಜೂನ್ ಶುರುವಾಗಿ 69 ದಿನ. 138 ಕೆಜಿ ಖರ್ಚಾಗಿ 62 ಕೆಜಿ ಅಕ್ಕಿ ಉಳಿದಿರಬೇಕು. ಡಬ್ಬದಲ್ಲಿ 12 ಕೆಜಿ, ಬಾಯಿ ಬಿಚ್ಚದ 2 ಮೂಟೆ. ಒಂದು ತಿಂಗಳು ಆರಾಮಾಗಿ ಸಾಗುತ್ತದೆ ಅಂತ ಆ ಮಧ್ಯಾಹ್ನ ನಾವೆಲ್ಲ ಧೈರ್ಯವಾಗಿದ್ದೆವು.

ಸಂಜೆ ಬಂದವರು

ನಮ್ಮ ತೋಟದ ಕೆಳಗೆ ಲೈನ್ ಮನೆಗಳಿವೆ, ಅಂದರೆ ತೋಟದ ಕೆಲಸದವರು ಇರುವ ಸಾಲುಮನೆಗಳು. ಮೂರು ಕುಟುಂಬ, 11 ಜನ. ಇಬ್ಬರ ಊರು ಚಿತ್ರದುರ್ಗದ ಕಡೆ, ಒಬ್ಬರದು ಕಡೂರಿನ ಕಡೆ. ಸಂಜೆ ಕತ್ತಲಾಗುವ ಹೊತ್ತಿಗೆ ಅವರಲ್ಲಿ ಹಿರಿಯಾಕೆ, ನಾನು ಅಕ್ಕ ಅಂತ ಕರೆಯುವವರು, ಮಳೆಗೆ ಹೊದೆಯುವ ಗೊರಬು ಹಾಕಿಕೊಂಡು ಹಿತ್ತಲ ಬಾಗಿಲಿಗೆ ಬಂದರು. "ಅಮ್ಮಾರೇ, ಒಂದು ಸೇರು ಅಕ್ಕಿ ಇದ್ರೆ ಕೊಡ್ರಿ. ಸಂತೆಗೆ ಹೋಗಕ್ಕಾಗ್ಲಿಲ್ಲ" ಎಂದರು.

ನನಗೆ ಆಗ ಹೊಳೆಯಿತು. ಮೇ ತಿಂಗಳಲ್ಲಿ ಹಾಕಿದ ಲೆಕ್ಕದಲ್ಲಿ ಇವರು ಇರಲೇ ಇಲ್ಲ.

ಅವರು ಕೂಡಿಡುವುದಿಲ್ಲ ಅಂತಲ್ಲ, ಕೂಡಿಡಲು ಆಗುವುದಿಲ್ಲ. ವಾರದ ಬಟವಾಡೆ, ಅಂದರೆ ಕೂಲಿ ದುಡ್ಡು, ಕೈಗೆ ಬಂದ ಮೇಲೆ ಸಂತೆಗೆ ಹೋಗಿ ವಾರಕ್ಕಾಗುವಷ್ಟು ತರುತ್ತಾರೆ. ಜೋರು ಮಳೆ ಹಿಡಿದರೆ ಕೆಲಸ ಇಲ್ಲ, ಕೆಲಸ ಇಲ್ಲದಿದ್ದರೆ ಬಟವಾಡೆ ಇಲ್ಲ. ಅಂದರೆ ಯಾವ ವಾರ ಮನೆಯಲ್ಲಿ ಸಾಮಾನು ಜಾಸ್ತಿ ಇರಬೇಕೋ ಅದೇ ವಾರ ಕೈಯಲ್ಲಿ ದುಡ್ಡು ಕಡಿಮೆ. ರೇಷನ್ ಕಾರ್ಡು ಊರಲ್ಲಿ ಬಿಟ್ಟು ಬಂದಿದ್ದಾರೆ. ಇನ್ನು ಜಾಗ. ಒಂದು ರೂಮು, ಒಂದು ಒಲೆ, ಮೂರು ಕಡೆ ನೀರು ಇಳಿಯುವ ಗೋಡೆ, ಅಟ್ಟ ಇಲ್ಲ. 25 ಕೆಜಿ ಅಕ್ಕಿಯನ್ನು ನಾವೇ ಪುಕ್ಕಟೆ ಕೊಟ್ಟಿದ್ದರೂ ಅದನ್ನು ಅವರು ಎಲ್ಲಿಡಬೇಕಿತ್ತು? ದಾಸ್ತಾನು ಮಾಡಬೇಕಾದರೆ ದುಡ್ಡು ಬೇಕು, ಒಣಗಿದ ಒಂದು ಮೂಲೆಯೂ ಬೇಕು. ಇಷ್ಟು ವರ್ಷ ಪಕ್ಕದಲ್ಲೇ ಇದ್ದು ಇದನ್ನು ನಾವು ಯೋಚನೆ ಮಾಡಿರಲಿಲ್ಲ. ಈ ಪ್ರಕರಣದಲ್ಲಿ ನಮ್ಮದು ದೊಡ್ಡ ತಪ್ಪು ಅಂತಿದ್ದರೆ ಅದು ಇದೇ. ಮೂಟೆಗಳನ್ನು ಸರಿಯಾಗಿ ಎಣಿಸಿದ್ದೆವು, ಉಣ್ಣುವವರನ್ನು ಎಣಿಸಿರಲಿಲ್ಲ.

ಮಾವ ಒಂದೇ ಮಾತು ಹೇಳಿದರು. "ಎಲ್ಲರದ್ದೂ ಸೇರಿಸಿ ಲೆಕ್ಕ ಹಾಕು." 11 ಜನರಿಗೆ ದಿನಕ್ಕೆ 4 ಕೆಜಿ. ಮೈ ಮುರಿದು ದುಡಿಯುವವರು, ಊಟ ನಮಗಿಂತ ಸ್ವಲ್ಪ ಹೆಚ್ಚೇ. ನಮ್ಮ 2 ಸೇರಿ ದಿನಕ್ಕೆ 6 ಕೆಜಿ. 62 ಕೆಜಿ ಅಂದರೆ 10 ದಿನ. ಪರವಾಗಿಲ್ಲ ಅನ್ನಿಸಿತು. ಆಮೇಲೆ ನಾನು ಮೂಟೆ ತೆರೆಯಲು ಹೋದೆ.

ಮೂಟೆಯ ತಳ

ಎರಡು ಮೂಟೆಗಳು ಹೊಸ ಅಡುಗೆಮನೆಯ ಪಕ್ಕದ ಉಗ್ರಾಣದಲ್ಲಿದ್ದವು. ಆರ್‌ಸಿಸಿ ಕಟ್ಟಡ, ಸಿಮೆಂಟ್ ನೆಲ. ಒಂದು ಮೂಟೆ ಒಳಗೋಡೆಗೆ, ಇನ್ನೊಂದು ಪಡುವಣ ಗೋಡೆಗೆ ಒರಗಿಕೊಂಡಿತ್ತು. ಮಲೆನಾಡಿನಲ್ಲಿ ಪಡುವಣ ಗೋಡೆ ಅಂದರೆ ಗಾಳಿಮಳೆ ಹೊಡೆಯುವ ಗೋಡೆ. ಎರಡನೇ ಮೂಟೆಗೆ ಕೈ ಹಾಕಿ ಎಳೆದಾಗ ಚೀಲ ನೆಲಕ್ಕೆ ಅಂಟಿಕೊಂಡಿತ್ತು. ಬಾಯಿ ಬಿಚ್ಚಿದರೆ ಮೇಲೆ ಅಕ್ಕಿ ಬೆಳ್ಳಗಿದೆ, ಆದರೆ ಮುಗ್ಗಲು ವಾಸನೆ. ಕೈ ಒಳಗೆ ತೂರಿಸಿದೆ. ಮೊಣಕೈವರೆಗೆ ಹೋಗುವಷ್ಟರಲ್ಲಿ ಬೆಚ್ಚಗಾಯಿತು. ಹೊರಗೆ ಅಷ್ಟು ಚಳಿ, ಅಕ್ಕಿಯ ಒಳಗೆ ಬಿಸಿ. ತಳದಲ್ಲಿ ಅಕ್ಕಿ ಇಟ್ಟಿಗೆಯ ಹಾಗೆ ಗಟ್ಟಿಯಾಗಿತ್ತು. ಒಂದು ಹೆಂಟೆ ಮುರಿದು ಟಾರ್ಚ್ ಬೆಳಕಿಗೆ ಹಿಡಿದರೆ ಹಸಿರು ಬೂಷ್ಟು, ನಡುವೆ ಹರಿದಾಡುವ ನುಸಿ ಹುಳ.

ಆ ಬಿಸಿ ಯಾಕೆ ಅಂದರೆ, ತೇವ ಹಿಡಿದ ಕಾಳಿನಲ್ಲಿ ಬೂಷ್ಟೂ ಹುಳವೂ ಉಸಿರಾಡುತ್ತವೆ. ಉಸಿರಾಡಿದರೆ ಶಾಖ ಬರುತ್ತದೆ, ಜೊತೆಗೆ ಇನ್ನಷ್ಟು ತೇವ ಬರುತ್ತದೆ. ಆ ತೇವದಿಂದ ಬೂಷ್ಟು ಮತ್ತಷ್ಟು ಬೆಳೆಯುತ್ತದೆ. ಒಮ್ಮೆ ಶುರುವಾದರೆ ತಾನೇ ತಾನಾಗಿ ಹಬ್ಬುತ್ತದೆ. ಅಕ್ಕಿಯಲ್ಲಿ ತೇವ 100ಕ್ಕೆ 12-13ರ ಒಳಗಿದ್ದರೆ ತಿಂಗಳುಗಟ್ಟಲೆ ಏನೂ ಆಗುವುದಿಲ್ಲ. 15 ದಾಟಿದರೆ ಕಷ್ಟ. ಒಣ ಅಕ್ಕಿಯನ್ನೇ ತಂದಿದ್ದರೂ ನಮ್ಮ ಕಡೆಯ ಜುಲೈ ಗಾಳಿಯಲ್ಲಿ, ಸಿಮೆಂಟ್ ನೆಲದ ಮೇಲೆ, ಗೋಡೆಗೆ ಒತ್ತಿಕೊಂಡು ಕೂತರೆ ಅದು ನೀರು ಎಳೆದುಕೊಳ್ಳುತ್ತಲೇ ಇರುತ್ತದೆ. ನುಸಿಯ ವಿಷಯ ಇನ್ನೂ ಕೆಟ್ಟದ್ದು. ಅದು ಕಾಳಿನಲ್ಲಿ ಸಣ್ಣ ತೂತು ಕೊರೆದು ಒಳಗೇ ಮೊಟ್ಟೆ ಇಡುತ್ತದೆ. ಒಂದು ಹೆಣ್ಣು ನೂರಾರು ಮೊಟ್ಟೆ ಇಡಬಲ್ಲದು. ಸೆಖೆಯ ದಿನಗಳಲ್ಲಿ ಮೊಟ್ಟೆಯಿಂದ ಹುಳವಾಗಿ ಹೊರಗೆ ಬರಲು ಸುಮಾರು ಒಂದು ತಿಂಗಳು ಸಾಕು. ಅಂದರೆ ನಮ್ಮ ಕಣ್ಣಿಗೆ ಹುಳ ಬೀಳುವ ಹೊತ್ತಿಗೆ ಅದರ ಸಂಸಾರ ಕಾಳಿನ ಒಳಗೆ ಬೆಳೆದಿರುತ್ತದೆ.

ಹುಳ ಬಿದ್ದ ಅಕ್ಕಿಯನ್ನು ಮೊರದಲ್ಲಿ ಕೇರಿ, ತೊಳೆದು ತಿನ್ನಬಹುದು. ಬೂಷ್ಟು ಬಂದಿದ್ದನ್ನು ಹಾಗೆ ಮಾಡಬಾರದು. ಅತ್ತೆ ಮೇಲಿನ 10 ಕೆಜಿಯನ್ನಾದರೂ ಉಳಿಸೋಣ ಅಂದರು. ಇಷ್ಟೊಂದು ಬಾಯಿ ಇರುವಾಗ ಎಸೆಯಲು ಯಾರಿಗೆ ಮನಸ್ಸು ಬರುತ್ತದೆ? ನಾನು ಬೇಡ ಅಂತ ಹಟ ಹಿಡಿದೆ. ಕಡಲೆಕಾಯಿ ಬೀಜ, ಬ್ಯಾಡಗಿ ಮೆಣಸಿನಕಾಯಿಗೂ ಬೂಷ್ಟು ಹಿಡಿದಿತ್ತು, ಅವನ್ನೂ ಬಿಡಲಿಲ್ಲ. ಇಂಥ ಬೂಷ್ಟಿನಲ್ಲಿ ಕೆಲವು ಜಾತಿಗಳು ಅಫ್ಲಾಟಾಕ್ಸಿನ್ ಅನ್ನುವ ವಿಷ ಬಿಡುತ್ತವೆ. ಕಡಲೆಕಾಯಿ, ಮುಸುಕಿನ ಜೋಳ, ಒಣ ಮೆಣಸಿನಕಾಯಿಯಲ್ಲಿ ಇದು ಜಾಸ್ತಿ. ಬೇಯಿಸಿದರೂ ಹುರಿದರೂ ಅದು ಪೂರ್ತಿ ಹೋಗುವುದಿಲ್ಲ, ಲಿವರ್ ಹಾಳು ಮಾಡುತ್ತದೆ. ಬಿಸಿಲಿಗೆ ಹಾಕಿ ಬೂಷ್ಟು ಒರೆಸಿದರೆ ಕಣ್ಣಿಗೆ ಕಾಣುವುದು ಹೋಗುತ್ತದೆ, ವಿಷ ಅಲ್ಲೇ ಉಳಿಯುತ್ತದೆ. ಕೊನೆಗೆ ಮಾವ ನನ್ನ ಕಡೆಗೇ ನಿಂತರು. ಮೂರನ್ನೂ ಗುಂಡಿ ತೋಡಿ ಮುಚ್ಚಿದೆವು. ಹಸುವಿಗೂ ಹಾಕಲಿಲ್ಲ.

ಉಳಿದದ್ದು 37 ಕೆಜಿ. ದಿನಕ್ಕೆ 6 ಕೆಜಿ ಅಂದರೆ 6 ದಿನ. ದಾರಿ ಯಾವಾಗ ಸರಿಯಾಗುತ್ತದೆ ಅಂತ ಹೇಳುವವರು ಯಾರೂ ಇರಲಿಲ್ಲ.

ಹಂಡೆ ಒಲೆಯ ಮೇಲಿನ ರಾಗಿ

ನನ್ನ ತವರು ಅರಸೀಕೆರೆ ಕಡೆ. ಮದುವೆಯಾಗಿ ಬಂದ ಮೇಲೂ ಪ್ರತಿ ವರ್ಷ ಸುಗ್ಗಿ ಮುಗಿದ ಮೇಲೆ ಅಪ್ಪ ಒಂದು ಚೀಲ ರಾಗಿ ಕಳಿಸುತ್ತಾರೆ. ಇಲ್ಲಿ ಮುದ್ದೆ ತಿನ್ನುವುದು ಕಡಿಮೆ. ಆ ವರ್ಷದ 20 ಕೆಜಿ ಚೀಲವನ್ನು ಅತ್ತೆ ಜಾಗ ಇಲ್ಲ ಅಂತ ಬಚ್ಚಲು ಮನೆಯ ಅಟ್ಟಕ್ಕೆ ಹಾಕಿಸಿದ್ದರು. ಬಚ್ಚಲಲ್ಲಿ ಹಂಡೆ ಒಲೆ ದಿನಾ ಉರಿಯುತ್ತದೆ. ಅಡುಗೆ ಗ್ಯಾಸಿಗೆ ಬಂದು ಎಷ್ಟೋ ವರ್ಷವಾಯಿತು, ಆದರೆ ಸ್ನಾನದ ನೀರಿಗೆ ಸೌದೆಯೇ. ಆ ಅಟ್ಟದ ಹಲಗೆ ಹೊಗೆಗೆ ಕಪ್ಪಾಗಿ ಹೊಳೆಯುತ್ತದೆ.

ಚೀಲ ಇಳಿಸಿ ಬಾಯಿ ಬಿಚ್ಚಿದೆವು. ಒಂದು ಹಿಡಿ ತೆಗೆದು ಮೊರಕ್ಕೆ ಬಿಟ್ಟರೆ ಸಣ್ಣ ಮಳೆಹನಿ ತಗಡಿನ ಮೇಲೆ ಬಿದ್ದ ಹಾಗೆ ಸದ್ದಾಯಿತು. ಹೊಗೆಯ ವಾಸನೆ ಬಿಟ್ಟರೆ ಬೇರೆ ವಾಸನೆ ಇಲ್ಲ. ಒಂದು ಹುಳ ಇಲ್ಲ. ಅದೇ ಮನೆ, ಅದೇ ಮಳೆ, 20 ಅಡಿ ದೂರದಲ್ಲಿ ಅಕ್ಕಿ ಕೊಳೆತಿತ್ತು.

ದೊಡ್ಡತ್ತೆ ಆಗ ಹೇಳಿದ ಮಾತು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೇನೆ. "ಒಲೆ ಆರಿದ ಮನೇಲಿ ಅಟ್ಟಕ್ಕೂ ಜೀವ ಇರಲ್ಲ." ಹಳೇ ಅಡುಗೆಮನೆಯಲ್ಲಿ ಒಲೆ ಬೆಳಗಿನಿಂದ ರಾತ್ರಿವರೆಗೆ ಉರಿಯುತ್ತಿತ್ತು. ಮೇಲಿನ ಅಟ್ಟಕ್ಕೆ ಶಾಖ, ಹೊಗೆ ಎರಡೂ ಸಿಗುತ್ತಿದ್ದವು. ಕಾಳು ಒಣಗುತ್ತಿತ್ತು, ಹುಳ ಹತ್ತಿರ ಬರುತ್ತಿರಲಿಲ್ಲ. ನಾವು ಒಲೆ ತೆಗೆದೆವು, ಗ್ಯಾಸ್ ತಂದೆವು, ಕಣ್ಣಿನ ಉರಿ ತಪ್ಪಿತು. ಅದು ಒಳ್ಳೆಯದೇ, ಹಿಂದಕ್ಕೆ ಹೋಗಬೇಕು ಅಂತ ನಾನು ಹೇಳುವುದಿಲ್ಲ. ಹೊಗೆ ಕುಡಿದು ಕೆಮ್ಮಿದವರು ಹೆಂಗಸರು. ಆದರೆ ಒಲೆ ತೆಗೆದಾಗ ಕಾಳು ಒಣಗಿಸುವ ಕೆಲಸವನ್ನು ಇನ್ನು ಯಾರು ಮಾಡುತ್ತಾರೆ ಅಂತ ಕೇಳಿಕೊಳ್ಳಬೇಕಿತ್ತು. ಕೇಳಿಕೊಳ್ಳಲಿಲ್ಲ.

ರಾಗಿಗೆ ಇನ್ನೊಂದು ಗುಣ ಇದೆ. ಕಾಳು ಎಷ್ಟು ಸಣ್ಣದೆಂದರೆ ನುಸಿಗೆ ಒಳಗೆ ಸಂಸಾರ ಮಾಡಲು ಜಾಗ ಸಾಲುವುದಿಲ್ಲ. ಒಣಗಿಸಿದ ರಾಗಿ ವರ್ಷಗಟ್ಟಲೆ ಇರುತ್ತದೆ. ನಮ್ಮ ಬಯಲುಸೀಮೆಯಲ್ಲಿ ಅದಕ್ಕೇ ಹಗೇವು ಇದ್ದದ್ದು. ನನ್ನ ಅಜ್ಜನ ಮನೆ ಮುಂದೆ ಒಂದಿತ್ತು. ನೆಲದೊಳಗೆ ಗುಂಡಿ, ಬಾಯಿ ಒಬ್ಬರು ಇಳಿಯುವಷ್ಟೇ ಕಿರಿದು, ಒಳಗೆ ಹೊಟ್ಟೆ ಅಗಲ. ಸುತ್ತ ಹುಲ್ಲು ಹಾಸಿ ರಾಗಿ ತುಂಬಿ, ಚಪ್ಪಡಿ ಮುಚ್ಚಿ, ಮಣ್ಣು ಮೆತ್ತುತ್ತಿದ್ದರು. ಒಳಗೆ ಗಾಳಿ ಆಡುವುದಿಲ್ಲ. ಕಾಳು ಉಸಿರಾಡಿ ಇದ್ದ ಆಮ್ಲಜನಕ ಮುಗಿಯುತ್ತದೆ, ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ. ಹುಳಕ್ಕೆ ಬದುಕಲು ಆಗುವುದಿಲ್ಲ. ಮನುಷ್ಯನಿಗೂ ಆಗುವುದಿಲ್ಲ. ಚಪ್ಪಡಿ ತೆಗೆದ ಕೂಡಲೇ ಇಳಿದು ಜೀವ ಕಳೆದುಕೊಂಡವರು ಇದ್ದಾರೆ. ಅದಕ್ಕೇ ಬಾಯಿ ತೆರೆದು ಒಂದು ದಿನ ಬಿಟ್ಟು, ಹಗ್ಗಕ್ಕೆ ಲಾಂದ್ರ ಕಟ್ಟಿ ಇಳಿಸಿ, ಅದು ಉರಿಯುತ್ತಾ ಇದ್ದರೆ ಮಾತ್ರ ಇಳಿಯುತ್ತಿದ್ದರು. ನಾವು ಮಕ್ಕಳು ಹತ್ತಿರ ಹೋದರೆ ಅಜ್ಜ ಬೆತ್ತ ಹಿಡಿಯುತ್ತಿದ್ದರು.

20 ಕೆಜಿ ರಾಗಿ ಸಿಕ್ಕ ಮೇಲೆ ಲೆಕ್ಕ ಬದಲಾಯಿತು. ದಿನಕ್ಕೆ 4 ಕೆಜಿ ಅಕ್ಕಿ, 2 ಕೆಜಿ ರಾಗಿ. ಒಂದು ಹೊತ್ತು ಅನ್ನ, ಒಂದು ಹೊತ್ತು ಮುದ್ದೆ, ನಮಗೂ ಲೈನಿನವರಿಗೂ ಒಂದೇ ಲೆಕ್ಕ. ಕರೆಂಟಿಲ್ಲ, ಹಿಟ್ಟಿನ ಗಿರಣಿ ಇಲ್ಲ. ಕೊಟ್ಟಿಗೆಯಲ್ಲಿ ಕವುಚಿ ಹಾಕಿದ್ದ ಬೀಸೋಕಲ್ಲನ್ನು ತೊಳೆದು ತಂದೆವು. ನಾನು ಒಂದು ಕಡೆ, ಆ ಅಕ್ಕ ಒಂದು ಕಡೆ ಕೂತು ಗೂಟ ಹಿಡಿದೆವು. ನನಗೆ ಹತ್ತು ಸುತ್ತಿಗೆ ಭುಜ ನೋವು ಬಂತು. ಅವರು ಎಡಗೈಯಲ್ಲಿ ಕಾಳು ಹಾಕುತ್ತಾ, ಬಲಗೈಯಲ್ಲಿ ತಿರುಗಿಸುತ್ತಾ, ಒಂದು ಕಾಳೂ ಹೊರಗೆ ಚೆಲ್ಲದೆ ಬೀಸುತ್ತಿದ್ದರು. ಜಾಸ್ತಿ ಕಾಳು ಹಾಕಿದರೆ ತರಿ ಬರುತ್ತದೆ, ಕಡಿಮೆ ಹಾಕಿದರೆ ಕಲ್ಲು ಕಲ್ಲು ಉಜ್ಜಿ ಹಿಟ್ಟಿನಲ್ಲಿ ಮಣ್ಣು ಸೇರುತ್ತದೆ, ಅಷ್ಟು ಹದ ಬೇಕು. ದಿನಾ ಎರಡು ಗಂಟೆ ಬೀಸಿದೆವು. ಲೈನಿನಲ್ಲಿ ಎಂಟು ತಿಂಗಳ ಕೂಸು ಇತ್ತು. ಅದರ ಹಾಲಿನ ಪುಡಿ ಮುಗಿದಿತ್ತು. ರಾಗಿ ನೆನೆಸಿ ರುಬ್ಬಿ, ಬಟ್ಟೆಯಲ್ಲಿ ಸೋಸಿ ಹಾಲು ತೆಗೆದು ಸರಿ ಕಾಸಿ ತಿನ್ನಿಸಿದರು. ಉಳಿದಂತೆ ಅದಕ್ಕೆ ತಾಯಿಯ ಹಾಲು ಇತ್ತು.

ಮೊದಲೇ ಗಿರಣಿಯಲ್ಲಿ ಹಿಟ್ಟು ಮಾಡಿಸಿ ಇಟ್ಟಿದ್ದರೆ ಆ ರಾಗಿ ನಮಗೆ ಒದಗುತ್ತಿರಲಿಲ್ಲ. ರಾಗಿಕಾಳು ವರ್ಷಗಟ್ಟಲೆ ಇರುತ್ತದೆ, ರಾಗಿಹಿಟ್ಟು ಎರಡು ಮೂರು ತಿಂಗಳಿಗೇ ಕಹಿಯಾಗುತ್ತದೆ. ಇಡುವುದಾದರೆ ಕಾಳಾಗೇ ಇಡಬೇಕು, ಬೀಸುವ ದಾರಿಯನ್ನೂ ಇಟ್ಟುಕೊಳ್ಳಬೇಕು.

ಮೇಲೋಗರಕ್ಕೆ ಕಷ್ಟ ಆಗಲಿಲ್ಲ. ತೊಗರಿಬೇಳೆ, ಹುರುಳಿ ಚೆನ್ನಾಗಿದ್ದವು. ಅವರೆಕಾಳು ಮಾತ್ರ ತೂತು ತೂತಾಗಿತ್ತು. ಕೆಸುವಿನ ಎಲೆ ಬೇಲಿ ತುಂಬ ಇತ್ತು. ಕಳಲೆ, ಅಂದರೆ ಬಿದಿರಿನ ಎಳೆ ಮೊಳಕೆ, ಕಡಿದು ತಂದು, ಮೂರು ದಿನ ನೀರು ಬದಲಾಯಿಸಿ ನೆನೆಸಿ ಪಲ್ಯ ಮಾಡಿದೆವು. ನೆನೆಸದೆ ತಿಂದರೆ ಅದರಲ್ಲಿ ವಿಷ ಇದೆ. ಮಿಡಿ ಉಪ್ಪಿನಕಾಯಿ, ಹಪ್ಪಳ, ಒಣಮೀನಿನ ಚಟ್ನಿ ಇದ್ದದ್ದರಿಂದ ಮುದ್ದೆ ಬೇಡ ಅಂತಿದ್ದ ನನ್ನ ಮಕ್ಕಳೂ ಉಂಡರು.

ಮೊದಲು ಮುಗಿದದ್ದು

ಮೊದಲು ಮುಗಿಯುವುದು ಅಕ್ಕಿ ಅಂತ ನಾವು ಹೆದರಿದ್ದೆವು. ನೋಟ್‌ಬುಕ್ ಬೇರೆ ಹೇಳುತ್ತದೆ.

ಮೊದಲ ದಿನವೇ ಹೋದದ್ದು ಬೆಂಕಿಪೊಟ್ಟಣ. ಒಂದು ಡಜನ್ ಇತ್ತು, ಎಲ್ಲ ಥಂಡಿ ಹಿಡಿದು ಗೀರಿದರೆ ಮದ್ದು ಉದುರುತ್ತಿತ್ತು. ಹಂಡೆ ಒಲೆಯ ಕೆಂಡವನ್ನು ರಾತ್ರಿ ಬೂದಿಯಲ್ಲಿ ಮುಚ್ಚಿಟ್ಟು ಬೆಳಿಗ್ಗೆ ಕೆದಕಿ ಬೆಂಕಿ ಮಾಡಿದೆವು. ಎರಡನೇ ದಿನ ಟಾರ್ಚಿನ ಸೆಲ್ಲು. ಮೂರನೇ ದಿನ ಪ್ಯಾಡು. ಇದನ್ನು ಯಾವ ಪಟ್ಟಿಯಲ್ಲೂ ಯಾರೂ ಬರೆಯುವುದಿಲ್ಲ. ಹೆಂಗಸರು ನಾವು ಮನೆಯಲ್ಲಿ ಮೂವರು, ಲೈನಿನಲ್ಲಿ ನಾಲ್ವರು. ಬಟ್ಟೆ ಬಳಸುವವರಿಗೆ ಆ ಮಳೆಯಲ್ಲಿ ಬಟ್ಟೆ ಒಣಗುವುದಿಲ್ಲ, ಒಣಗದ ಬಟ್ಟೆ ಮೈಗೆ ತೊಂದರೆ. ಹಂಡೆ ಒಲೆಯ ಮೇಲೆ ಹಗ್ಗ ಕಟ್ಟಿ ಎಲ್ಲರದ್ದನ್ನೂ ಒಣಗಿಸಿದೆವು. ಮಾವನಿಗಾಗಲಿ ನಮ್ಮವರಿಗಾಗಲಿ ಇದು ಗೊತ್ತಾಗಬಾರದು ಅಂತ ಅತ್ತೆಗೆ ಸಂಕೋಚ. ನನಗೆ ಇರಲಿಲ್ಲ, ಇರಬಾರದು ಅಂತಲೇ ಇಲ್ಲಿ ಬರೆಯುತ್ತಿದ್ದೇನೆ.

ಆರನೇ ದಿನ ಮಾವನ ಬಿಪಿ ಮಾತ್ರೆ ಮುಗಿಯಿತು. ಪ್ರತಿ ಸಲ ಒಂದೇ ಸ್ಟ್ರಿಪ್ ತರುವ ಅಭ್ಯಾಸ. ಪುಣ್ಯಕ್ಕೆ ಮೇಲಿನ ತೋಟದ ಹಿರಿಯರೊಬ್ಬರು ಅದೇ ಮಾತ್ರೆ, ಅದೇ ಪವರಿನದ್ದು ತಗೊಳ್ಳುತ್ತಿದ್ದರು. ಅವರು ಅರ್ಧ ಸ್ಟ್ರಿಪ್ ಕೊಟ್ಟರು. ದೊಡ್ಡತ್ತೆಯ ಇನ್ಸುಲಿನ್ ಫ್ರಿಜ್ಜಿನಲ್ಲಿತ್ತು, ಫ್ರಿಜ್ಜು ನಿಂತಿತ್ತು. ಅದಕ್ಕೆ ನಾನು ತುಂಬಾ ಹೆದರಿದ್ದೆ. ಸಾಮಾನ್ಯವಾಗಿ ಇನ್ಸುಲಿನ್ 25 ಡಿಗ್ರಿ ಒಳಗಿನ ಮಾಮೂಲಿ ಶಾಖದಲ್ಲಿ 28 ದಿನದವರೆಗೆ ಕೆಡುವುದಿಲ್ಲ, ಜೊತೆಗೆ ಬಂದ ಕಾಗದದಲ್ಲೂ ಹಾಗೇ ಇತ್ತು. ಆ ದಿನಗಳಲ್ಲಿ ನಮ್ಮಲ್ಲಿ ಅದಕ್ಕಿಂತ ಚಳಿಯೇ ಇತ್ತು. ಆದರೂ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಒದ್ದೆ ಬಟ್ಟೆ ಹೊದಿಸಿದ ಮಣ್ಣಿನ ಕೂಜದಲ್ಲಿಟ್ಟೆವು. ಶಾಖದಲ್ಲಿ ಇದ್ದದ್ದನ್ನು ಆ ತಿಂಗಳೊಳಗೇ ಬಳಸಿ ಮುಗಿಸಿದೆವು. ಮುಂದಿನದಕ್ಕೆ ಡಾಕ್ಟರ ಹತ್ತಿರ ಹೊಸದು ಬರೆಸಿಕೊಂಡೆವು.

ನೀರು ಗುಡ್ಡದ ಮೇಲಿನ ಅಬ್ಬಿಯಿಂದ ಪೈಪಿನಲ್ಲಿ ಬರುತ್ತದೆ. ಅದು ಟೀ ಬಣ್ಣಕ್ಕೆ ತಿರುಗಿತ್ತು. ತಗಡಿನ ಮಾಡಿನಿಂದ ಬೀಳುವ ಮಳೆನೀರನ್ನು ಹಿಡಿದು ಸೋಸಿ, ಹಂಡೆಯಲ್ಲಿ ಕೊತಕೊತ ಕುದಿಸಿ ಎಲ್ಲರಿಗೂ ಕೊಟ್ಟೆವು. ಸೌದೆ ಇದ್ದದ್ದರಿಂದ ಇದು ಸಾಧ್ಯವಾಯಿತು. 9 ದಿನದಲ್ಲಿ ಯಾರಿಗೂ ಭೇದಿ ಆಗಲಿಲ್ಲ. ಮಾವನ ಸೌದೆ ಕೊಟ್ಟಿಗೆಗೆ ಸಲ್ಲಬೇಕಾದ ಮಾತು ಇದು.

ಶನಿವಾರ ಸಂಜೆ ಜೆಸಿಬಿ ಸದ್ದು ಕೇಳಿಸಿದಾಗ ಡಬ್ಬದಲ್ಲಿ 1 ಕೆಜಿ ಅಕ್ಕಿ, ಚೀಲದಲ್ಲಿ 2 ಕೆಜಿ ರಾಗಿ ಉಳಿದಿತ್ತು.

ಆಮೇಲೆ ಬದಲಾಯಿಸಿದ್ದು

ಆ ಮಳೆಗಾಲ ಮುಗಿದ ಮೇಲೆ ಉಗ್ರಾಣವನ್ನು ಖಾಲಿ ಮಾಡಿದೆವು. ಗೋಡೆಯಿಂದ ಒಂದು ಅಡಿ, ನೆಲದಿಂದ ಅರ್ಧ ಅಡಿ ಬಿಟ್ಟು ಹಲಗೆ ಹಾಕಿಸಿದೆವು. ಅಕ್ಕಿಯನ್ನು ಚೀಲದಿಂದ ತೆಗೆದು ಬಿಗಿ ಮುಚ್ಚಳದ ಡ್ರಮ್ಮಿಗೆ ಹಾಕತೊಡಗಿದೆವು, ಬಾಯಿವರೆಗೆ ಒತ್ತಿ ತುಂಬಿಸಿ. ಒಳಗೆ ಗಾಳಿ ಕಡಿಮೆ ಇದ್ದಷ್ಟೂ ಹುಳಕ್ಕೆ ಕಷ್ಟ, ಹಗೇವಿನ ಲೆಕ್ಕವೇ ಇದು. ಆದರೆ ಡ್ರಮ್ಮಿಗೆ ಹಾಕುವ ಕಾಳು ಒಣಗಿರಲೇಬೇಕು. ತೇವದ ಕಾಳನ್ನು ಬಿಗಿಯಾಗಿ ಮುಚ್ಚಿದರೆ ತೇವವನ್ನೂ ಒಳಗೇ ಕೂಡಿಹಾಕಿದ ಹಾಗೆ.

ಒಣಗಿದೆಯಾ ಅಂತ ನೋಡಲು ಒಂದು ಸುಲಭದ ಪರೀಕ್ಷೆ ಇದೆ, ಎಲ್ಲರೂ ಮಾಡಬಹುದು. ಚೆನ್ನಾಗಿ ಒಣಗಿದ ಗಾಜಿನ ಬಾಟಲಿಗೆ ಮೂರರಲ್ಲಿ ಒಂದು ಪಾಲು ಕಾಳು, ಒಂದೆರಡು ಚಮಚ ಹುರಿದು ಒಣಗಿಸಿದ ಪುಡಿಉಪ್ಪು ಹಾಕಿ, ಮುಚ್ಚಿ ಕುಲುಕಿ, ಹದಿನೈದು ನಿಮಿಷ ಬಿಡಬೇಕು. ಉಪ್ಪು ಗಾಜಿಗೆ ಅಂಟಿಕೊಂಡರೆ ತೇವ 100ಕ್ಕೆ 15ಕ್ಕಿಂತ ಜಾಸ್ತಿ ಇದೆ ಅಂತ. ಉದುರಿ ತಳಕ್ಕೆ ಬಿದ್ದರೆ ಡ್ರಮ್ಮಿಗೆ ಹಾಕಬಹುದು.

ಹುರುಳಿ, ಅವರೆಯಂಥ ಇಡಿಯಾದ ಕಾಳುಗಳಿಗೆ ಈಗ ಹರಳೆಣ್ಣೆ ಸವರುತ್ತೇವೆ. ಕಾಳು ಕೊರೆಯುವ ಹುಳ ಮೊಟ್ಟೆಯನ್ನು ಸಿಪ್ಪೆಯ ಮೇಲೆ ಅಂಟಿಸುತ್ತದೆ. ಎಣ್ಣೆ ಇದ್ದರೆ ಮೊಟ್ಟೆಗೆ ಗಾಳಿ ಸಿಗದೆ ಸಾಯುತ್ತದೆ. ಒಂದು ಕೆಜಿಗೆ ಒಂದು ಚಮಚ ಸಾಕು. ಬೆಂಕಿಪೊಟ್ಟಣ ಹಾರ್ಲಿಕ್ಸ್ ಬಾಟಲಿಗೆ ಹೋಯಿತು, ಜೊತೆಗೆ ಒಂದು ಹಿಡಿ ಹುರಿದ ಅಕ್ಕಿ. ಮಾತ್ರೆ ಜೂನ್ ಒಳಗೆ ಎರಡು ತಿಂಗಳಿಗೆ ಆಗುವಷ್ಟು ತರುತ್ತೇವೆ. ಪ್ಯಾಡು ಪಟ್ಟಿಯಲ್ಲಿದೆ, ಅತ್ತೆಯೇ ಬರೆದಿದ್ದಾರೆ.

ಒಂದು ವಿಷಯ ಒತ್ತಿ ಹೇಳಬೇಕು. ಯಾರೋ ಹೇಳಿದರು ಅಂತ ಮಾವ ಕಾಳಿನ ಮಾತ್ರೆ ತಂದಿದ್ದರು. ಗೋಡೌನಿನಲ್ಲಿ ಮೂಟೆಗಳ ನಡುವೆ ಇಡುವ ಅಲ್ಯೂಮಿನಿಯಂ ಫಾಸ್ಫೈಡ್. ಗಾಳಿಯ ತೇವ ತಗುಲಿದರೆ ಅದರಿಂದ ಫಾಸ್ಫೀನ್ ಗ್ಯಾಸ್ ಬರುತ್ತದೆ, ಹುಳದ ಜೊತೆ ಆ ಕೋಣೆಯಲ್ಲಿ ಮಲಗಿದವರನ್ನೂ ಕೊಲ್ಲುತ್ತದೆ. ಮಳೆಗಾಲದ ಮನೆಯಲ್ಲಿ ತೇವಕ್ಕೇನು ಕೊರತೆ? ಮಕ್ಕಳು ಮಲಗುವ ಕೋಣೆಯ ಗೋಡೆಯಾಚೆಗೇ ಉಗ್ರಾಣ. ಡಬ್ಬದ ಮುಚ್ಚಳ ತೆಗೆಯಲು ಬಿಡದೆ ಅಂಗಡಿಗೇ ವಾಪಸ್ ಕೊಡಿಸಿದೆ. ದಯವಿಟ್ಟು ಯಾರೂ ಮನೆಯಲ್ಲಿ ಅದನ್ನು ಇಡಬೇಡಿ.

ಇನ್ನು ಲೈನ್ ಮನೆಗಳು. ಮೂರು ಮನೆಗೂ ತಗಡು ಬದಲಾಯಿಸಿ, ಒಲೆಯ ಮೇಲೆ ಬರುವ ಹಾಗೆ ಹಲಗೆಯ ಅಟ್ಟ ಹಾಕಿಸಿದೆವು. ಮನೆಗೊಂದು ಡ್ರಮ್ಮು. ಅಕ್ಕಿ, ರಾಗಿ ನಾವು ಸುಗ್ಗಿಯಲ್ಲೇ ಸಗಟಾಗಿ ತರುತ್ತೇವೆ. ಆಗ ಹೊಸ ಫಸಲು ಬಂದು ರೇಟೂ ಕಡಿಮೆ, ಬಿಸಿಲೂ ಇರುತ್ತದೆ. ಮಳೆಗಾಲದ ಪಾಲು ತೋಟದ ಖರ್ಚಿಗೆ ಸೇರುತ್ತದೆ, ಅವರ ಬಟವಾಡೆಯಲ್ಲಿ ಹಿಡಿಯುವುದಿಲ್ಲ. ಮೊದಲು ಸಾಲ ಅಂತ ಬರೆದುಕೊಳ್ಳೋಣ ಅನ್ನುವ ಮಾತು ಮನೆಯಲ್ಲಿ ಬಂತು. ಮಳೆಯಲ್ಲಿ ಅವರು ಇಲ್ಲಿ ಉಳಿಯುವುದು ನಮ್ಮ ತೋಟಕ್ಕಾಗಿ, ಹಾಗಿರುವಾಗ ಆ ಅಕ್ಕಿ ಅವರ ಸಾಲ ಹೇಗಾಗುತ್ತದೆ ಅಂತ ಮಾವ ಕೇಳಿದರು. ಅಲ್ಲಿಗೆ ಮುಗಿಯಿತು.

2020ರ ಮಾರ್ಚ್ 24ರ ರಾತ್ರಿ ಲಾಕ್‌ಡೌನ್ ಅಂತ ಟಿವಿಯಲ್ಲಿ ಹೇಳಿದಾಗ ಊರೆಲ್ಲ ಅಂಗಡಿಗೆ ಓಡಿತು. 21 ದಿನ ಸಂತೆ ಇಲ್ಲ ಅಂದರೆ ಯಾರಿಗಾದರೂ ಭಯವೇ. ನಾವು ಓಡಲಿಲ್ಲ. ಜನವರಿಯಲ್ಲಿ ತಂದದ್ದು ಡ್ರಮ್ಮುಗಳಲ್ಲಿತ್ತು, 18 ಜನರ ಲೆಕ್ಕದಲ್ಲಿ. ಅಂಗಡಿಯಲ್ಲಿದ್ದದ್ದು ಏನೂ ಇಲ್ಲದವರಿಗೆ ಸಿಕ್ಕಿತು.

ಕಳೆದ ಸುಗ್ಗಿಯಲ್ಲಿ ಅರಸೀಕೆರೆಯಿಂದ 3 ಮೂಟೆ ರಾಗಿ ಬಂತು. ಚಾಪೆ ಹಾಸಿ ಒಣಗಿಸಿ, ಸಂಜೆ ಡ್ರಮ್ಮಿಗೆ ತುಂಬಲು ಹೊರಟಿದ್ದೆ. ಆ ಅಕ್ಕ ಬಾಟಲಿಗೆ ರಾಗಿ, ಉಪ್ಪು ಹಾಕಿ ಕುಲುಕಿ ಕಟ್ಟೆಯ ಮೇಲಿಟ್ಟು ಕಾದರು. ಆಮೇಲೆ ಬೆಳಕಿಗೆ ಎತ್ತಿ ಹಿಡಿದರು. ಗಾಜಿನ ಒಂದು ಬದಿಯಲ್ಲಿ ಉಪ್ಪು ಸಣ್ಣಗೆ ಅಂಟಿಕೊಂಡಿತ್ತು.

"ಇನ್ನೊಂದು ಬಿಸಿಲು ಬೇಕು ಅಮ್ಮಾರೇ" ಅಂದರು. ಮಾರನೇ ದಿನ ಬೆಳಿಗ್ಗೆ ಮತ್ತೆ ಚಾಪೆ ಹಾಸಿದೆವು.